ರೊಟೊರುವಾ: ಇದು ಯಾರ ನೆಲ?

ಎಲ್ಲರಿಗೂ ನಮಸ್ಕಾರ. ನ್ಯೂಜಿಲೆಂಡಿಗೆ ಪ್ರವಾಸ ಹೋದವರು ರೊಟೊರುವಾ ಊರನ್ನು ಬಿಡುವುದು ಕಡಿಮೆ. ಬ್ರಿಟಿಷರ ಕಾಲದ ಸ್ನಾನಗೃಹದ ಮುಂದೆ ಫೋಟೋ, ಸಂಜೆ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಕುಣಿತ, ನೆಲದೊಳಗೆ ಬೇಯಿಸಿದ ಹಾಂಗಿ ಊಟ. ಅದು ಬೇರೆ, ಇದು ಬೇರೆ ಅನ್ನೋ ಹಾಗೆ ನೋಡಿಕೊಂಡು ಬರುತ್ತೇವೆ, ಅಲ್ವಾ? ನನ್ನ ಪ್ರಕಾರ ಎರಡೂ ಒಂದೇ ಕತೆ. ನೆಲದ ಕತೆ.

ಈ ಊರಿನ ನೆಲ ತೆ ಅರಾವಾ ಎಂಬ ಮಾವೋರಿ ಜನರಲ್ಲೇ ಒಂದು ಬಣವಾದ ನ್ಗಾತಿ ಫಕಾವೆಯವರದು. 1880ರಲ್ಲಿ ಸರ್ಕಾರದ ಜೊತೆ ಒಪ್ಪಂದವಾಯಿತು. ಒಡೆತನ ಮಾವೋರಿಗಳದ್ದೇ, ನಿವೇಶನಗಳು 99 ವರ್ಷದ ಗುತ್ತಿಗೆಗೆ. ಆದರೆ ಗುತ್ತಿಗೆ ಹಿಡಿದವರಲ್ಲಿ ಅನೇಕರು ಬಾಡಿಗೆ ಕಟ್ಟಲಿಲ್ಲ. ಹತ್ತು ವರ್ಷದಲ್ಲಿ ಸರ್ಕಾರವೇ ಊರಿನ ಬಹುಪಾಲು ನೆಲವನ್ನು ಕೊಂಡುಕೊಂಡಿತು. 1908ರ ಆ ಚೆಂದದ ಸ್ನಾನಗೃಹ ಬಂದದ್ದು ಇದೆಲ್ಲ ಆದ ಮೇಲೆ. ಅದು ನಿಂತಿರುವ ಉದ್ಯಾನದ ಜಾಗ ಮಾತ್ರ ಮಾವೋರಿಗಳು ಲೋಕದ ಜನರಿಗೆಲ್ಲ ಉಪಯೋಗವಾಗಲಿ ಎಂದು ಕೊಟ್ಟದ್ದು. (ಭೂಕಂಪದ ಭಯದಿಂದ 2016ರಲ್ಲಿ ಆ ಕಟ್ಟಡದ ಬಾಗಿಲು ಹಾಕಿದರು. ಹೋಗುವ ಮೊದಲು ವಿಚಾರಿಸಿಕೊಳ್ಳಿ.)

ಅಲ್ಲಿಂದ ಕೆರೆದಂಡೆ ಹಿಡಿದು ಸ್ವಲ್ಪ ನಡೆದರೆ ಓಹಿನೆಮುತು ಹಳ್ಳಿ. ಇದನ್ನು ತಪ್ಪಿಸಲೇಬೇಡಿ. ತಮತೆಕಪುವಾ ಎಂಬ ಮಾವೋರಿ ಸಭಾಮನೆಯ ಎದುರಿಗೇ ಇಂಗ್ಲಿಷ್ ಶೈಲಿಯ ಸೇಂಟ್ ಫೇತ್ಸ್ ಚರ್ಚು. ಒಳಗೆ ಮಾವೋರಿ ಕೆತ್ತನೆ. ಒಂದು ಕಿಟಕಿಯ ಗಾಜಿನ ಮೇಲೆ ಮಾವೋರಿ ಮುಖ್ಯಸ್ಥನ ಹೊದಿಕೆ ತೊಟ್ಟ ಕ್ರಿಸ್ತನ ಚಿತ್ರ. ಒಂದು ಕಡೆ ಕೂತು ನೋಡಿದರೆ, ಹಿಂದಿರುವ ಕೆರೆಯ ಮೇಲೆ ಅವನು ನಡೆದು ಬರುತ್ತಿರುವಂತೆ ಕಾಣುತ್ತದೆ. ಹೊರಗೆ ಕೆತ್ತನೆಯ ಮಂಟಪದಡಿ ವಿಕ್ಟೋರಿಯಾ ರಾಣಿಯ ಅರ್ಧಪ್ರತಿಮೆ. 1870ರ ಹೊತ್ತಿಗೆ ರಾಣಿಯ ಮಗ ಬಂದಾಗ ಸಿಕ್ಕ ಉಡುಗೊರೆ ಅದು. ಬ್ರಿಟಿಷರಿಗೂ ಮಾವೋರಿಗಳಿಗೂ ನಡೆದ ಯುದ್ಧಗಳಲ್ಲಿ ತೆ ಅರಾವಾದವರಲ್ಲಿ ಹೆಚ್ಚಿನವರು ಬ್ರಿಟಿಷರ ಪರ ನಿಂತಿದ್ದರು. ಆಳುವವರು ಒಂದು ಕಡೆ, ಆಳಿಸಿಕೊಂಡವರು ಇನ್ನೊಂದು ಕಡೆ ಎಂದು ಸುಮ್ನೆ ಗೆರೆ ಎಳೆಯಲು ಇಲ್ಲಿ ಆಗುವುದಿಲ್ಲ.

ಇನ್ನೊಂದು ಮಾತು. ಇಲ್ಲಿ ಪ್ರವಾಸೋದ್ಯಮ ಶುರುಮಾಡಿದ್ದು ಸರ್ಕಾರವಲ್ಲ. ಅದಕ್ಕೂ ಮೊದಲೇ ತೆ ವೈರೋವಾ ಹಳ್ಳಿಯ ಮಾವೋರಿಗಳು ದೋಣಿ ನಡೆಸಿ, ಬಿಸಿನೀರು ಹರಿದು ತಾನಾಗಿಯೇ ಮೂಡಿದ ಗುಲಾಬಿ ಮತ್ತು ಬಿಳಿ ಬಣ್ಣದ ಕಲ್ಲುಪಾವಟಿಗೆಗಳನ್ನು ತೋರಿಸಿ ಹಣ ಪಡೆಯುತ್ತಿದ್ದರು. ಸೋಫಿಯಾ ಹಿನೆರಂಗಿ ಎಂಬ ಹೆಂಗಸು ಅಲ್ಲಿನ ಹೆಸರಾಂತ ಗೈಡ್. 1886ರ ಜೂನ್ 10ರಂದು ಹತ್ತಿರದ ತರವೆರಾ ಜ್ವಾಲಾಮುಖಿ ಬೆಟ್ಟ ಸಿಡಿಯಿತು. ನೂರಕ್ಕೂ ಜಾಸ್ತಿ ಜನ ಸತ್ತರು, ಪಾವಟಿಗೆಗಳು ಕಾಣದಾದವು. ಸೋಫಿಯಾ ಮನೆಯಲ್ಲಿ ಹಲವರು ಜೀವ ಉಳಿಸಿಕೊಂಡರು. ಆಮೇಲೆ ಆಕೆ ರೊಟೊರುವಾದ ಫಕರೆವರೆವಾ ಹಳ್ಳಿಗೆ ಬಂದು ಮತ್ತೆ ಗೈಡ್ ಕೆಲಸವನ್ನೇ ಹಿಡಿದರು.

ಆ ಹಳ್ಳಿಯಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಬಿಸಿನೀರಿನ ಕೊಳದಲ್ಲಿ ಮೆಕ್ಕೆಜೋಳದ ತೆನೆ ಬೇಯಿಸುತ್ತಾರೆ. ಪಕ್ಕದಲ್ಲೇ 30 ಮೀಟರ್‌ವರೆಗೂ ಚಿಮ್ಮುವ ಪೊಹುಟು ಬುಗ್ಗೆ. ಊರಿನವರು ಬೋರ್ ಕೊರೆದು ಬಿಸಿನೀರು ಎಳೆದೂ ಎಳೆದೂ ಬುಗ್ಗೆಗಳು ಸೊರಗಿದ್ದವು. 1980ರ ದಶಕದಲ್ಲಿ ಸರ್ಕಾರ ಪೊಹುಟುವಿನ ಸುತ್ತ 1.5 ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಮುಚ್ಚಿಸಿತು. ಆಮೇಲೆ ಬುಗ್ಗೆಗಳು ಚೇತರಿಸಿಕೊಂಡವು.

ಹಾಗಾಗಿ ಬೆಳಿಗ್ಗೆ ಹಳ್ಳಿಯವರೇ ಆದ ಗೈಡ್ ಜೊತೆ ಸುತ್ತಾಡಿ, ಸಂಜೆಯ ಕುಣಿತ ಆಮೇಲೆ ನೋಡಿ. ಸಭಾಮನೆಗೆ ಅವರು ಕರೆಯುವವರೆಗೂ ಕಾಯಿರಿ, ಚಪ್ಪಲಿ ಹೊರಗೇ ಬಿಡಿ, ಒಳಗೆ ಫೋಟೋ ತೆಗೆಯಬಹುದಾ ಎಂದು ಮೊದಲು ಕೇಳಿ.