ಜಾಲತಾಣದ ಹೆಸರು, ವಿಳಾಸ ಮತ್ತು ಜೋಡಣೆ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಅಗರಬತ್ತಿ ತಯಾರಿಸುವ ಸಣ್ಣ ಘಟಕದವರು, ಗೋಕುಲಂ ಕಡೆ ಯೋಗ ಕಲಿಸುವವರು, ದಸರೆಯ ಹೊತ್ತಿಗೆ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವವರು, ಮಂಡ್ಯದಲ್ಲಿ ಆಲೆಮನೆಯ ಬೆಲ್ಲವನ್ನು ದಲ್ಲಾಳಿಗಳ ಹಂಗಿಲ್ಲದೆ ಮಾರಬೇಕೆಂದು ಹೊರಟ ರೈತರು, ಹೀಗೆ ಹಲವರು ಈಗ ತಮ್ಮದೇ ಜಾಲತಾಣವನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಮಾಡಿಸಿ ಕೆಲವು ತಿಂಗಳಾದ ಮೇಲೆ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗೂಗಲ್‌ನಲ್ಲಿ ಹುಡುಕಿದರೆ ನಮ್ಮದೇಕೆ ಕಾಣುವುದಿಲ್ಲ, ಯಾವ ಪದಗಳನ್ನು ಸೇರಿಸಿದರೆ ಮೇಲಕ್ಕೆ ಬರುತ್ತದೆ? ಪುಟದೊಳಗೆ ಓದುಗರಿಗೆ ಕಾಣದಂತೆ ಕೀವರ್ಡ್‌ಗಳ ಪಟ್ಟಿಯನ್ನು ಇಡುವ ಪದ್ಧತಿಗೆ ತಾನು ಬೆಲೆ ಕೊಡುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಆ ಕೆಲಸಕ್ಕೆ ಇಂದಿಗೂ ಹಣ ಕೇಳುವವರು ಇದ್ದಾರೆಂಬುದು ಬೇರೆ ಮಾತು. ಪದಗಳಿಗಿಂತ ಮೊದಲು ನೋಡಬೇಕಾದದ್ದು ತಾಣದ ಹೆಸರು, ಪುಟಗಳ ವಿಳಾಸ ಮತ್ತು ಪುಟಗಳನ್ನು ಒಂದಕ್ಕೊಂದು ಜೋಡಿಸಿರುವ ರೀತಿ. ಬರಹವನ್ನು ಎಂದು ಬೇಕಾದರೂ ತಿದ್ದಬಹುದು, ಚಿತ್ರಗಳನ್ನು ಬದಲಿಸಬಹುದು, ಬಣ್ಣವನ್ನು ಮಾರ್ಪಡಿಸಬಹುದು. ವಿಳಾಸವನ್ನು ಬದಲಿಸಿದಾಗ ಮಾತ್ರ ಅಲ್ಲಿಯವರೆಗೆ ಗಳಿಸಿದ್ದನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗೂಗಲ್‌ನಂಥ ಶೋಧಯಂತ್ರವು ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿ ನೋಡಬೇಕು. ಅದರ ತಂತ್ರಾಂಶವು ತನಗೆ ಈಗಾಗಲೇ ಗೊತ್ತಿರುವ ಪುಟಗಳನ್ನು ತೆರೆದು, ಅಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಗಳಿಗೆ ಹೋಗುತ್ತದೆ. ಓದಿದ್ದನ್ನು ತನ್ನ ಸೂಚಿಯಲ್ಲಿ ಸೇರಿಸಿಕೊಳ್ಳುತ್ತದೆ. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಆಯ್ದು ಒಂದು ಕ್ರಮದಲ್ಲಿ ತೋರಿಸುತ್ತದೆ. ಈ ಎಲ್ಲ ಹಂತಗಳಲ್ಲಿಯೂ ಪುಟವೊಂದರ ಗುರುತು ಅದರ ವಿಳಾಸವೇ, ಅಂದರೆ ಯುಆರ್‌ಎಲ್. ಬೇರೆ ತಾಣದವರು ನಿಮ್ಮ ಪುಟಕ್ಕೆ ಕೊಟ್ಟ ಕೊಂಡಿಗಳಿಂದ ಬರುವ ಮನ್ನಣೆಯೂ ಆ ವಿಳಾಸದ ಹೆಸರಿನಲ್ಲೇ ದಾಖಲಾಗುತ್ತದೆ. ಒಳಗಿನ ಬರಹ ಅಕ್ಷರಶಃ ಅದೇ ಇದ್ದರೂ ವಿಳಾಸ ಬೇರೆಯಾದರೆ, ಯಂತ್ರದ ಪಾಲಿಗೆ ಅದು ಮೊದಲಿಗೆ ಬೇರೆಯೇ ಪುಟ.

ಮೊದಲು ಹೆಸರಿನ ವಿಚಾರ. ಅಂತರ್ಜಾಲದ ಗಣಕಗಳು ಒಂದನ್ನೊಂದು ಅಂಕಿಗಳಿಂದ ಗುರುತಿಸುತ್ತವೆ. ಆ ಅಂಕಿಗಳನ್ನು ಮನುಷ್ಯರು ನೆನಪಿಡಲಾರರೆಂದು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ವ್ಯವಸ್ಥೆಯಿಂದ ಇಂದಿನ ಡೊಮೇನ್ ಹೆಸರುಗಳು ಬಂದವು. ಚುಕ್ಕಿಗಳ ನಡುವಿನ ಒಂದೊಂದು ಭಾಗವೂ 63 ಅಕ್ಷರಗಳಷ್ಟು ಉದ್ದವಿರಬಹುದಾದರೂ ಅಷ್ಟು ಉದ್ದದ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಹೆಸರನ್ನು ಪರೀಕ್ಷಿಸಲು ಒಂದು ಸುಲಭ ಮಾರ್ಗವಿದೆ: ದೂರವಾಣಿಯಲ್ಲಿ ಒಮ್ಮೆ ಹೇಳಿ ನೋಡಿ, ಆ ಕಡೆಯವರು ಮರುಪ್ರಶ್ನೆ ಹಾಕದೆ ತಪ್ಪಿಲ್ಲದೆ ಬರೆದುಕೊಂಡರೆ ಆ ಹೆಸರು ಒಳ್ಳೆಯದು.

ಈ ಪರೀಕ್ಷೆಯಲ್ಲಿ ನಮ್ಮ ಭಾಗದ ಹೆಸರುಗಳು ಸುಲಭವಾಗಿ ತೇರ್ಗಡೆಯಾಗುವುದಿಲ್ಲ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಎಲ್ಲರೂ ಒಪ್ಪಿದ ಒಂದು ಕ್ರಮ ಬಳಕೆಯಲ್ಲಿಲ್ಲದಿರುವುದರಿಂದ ಶ್ರೀರಂಗಪಟ್ಟಣದ ‘ಶ್ರೀ’ಯನ್ನು ಒಬ್ಬರು ಎಸ್-ಆರ್-ಐ ಎಂದು ಬರೆದರೆ, ಇನ್ನೊಬ್ಬರು ನಡುವೆ ಎಚ್ ಸೇರಿಸುತ್ತಾರೆ, ಮತ್ತೊಬ್ಬರು ಕೊನೆಗೆ ಎರಡು ಇ ಹಾಕುತ್ತಾರೆ, ‘ಆಲೆಮನೆ’ಯ ಮೊದಲಕ್ಷರಕ್ಕೆ ಒಂದು ಎ ಸಾಕೇ ಎರಡು ಬೇಕೇ ಎಂಬುದು ಬರೆಯುವವರ ಅಭ್ಯಾಸಕ್ಕೆ ಬಿಟ್ಟದ್ದು. ಮೈಸೂರಿನ ಸಂಗತಿಯಂತೂ ಇನ್ನೂ ವಿಶೇಷವಾದದ್ದು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ, ಒ-ಆರ್-ಇ ಎಂದು ಮುಗಿಯುತ್ತಿದ್ದ ನಮ್ಮ ಊರಿನ ಹೆಸರು ಯು-ಆರ್-ಯು ಎಂದು ಮುಗಿಯತೊಡಗಿತು. ಅದಕ್ಕಿಂತ ಹಿಂದೆ ಹಳೆಯ ಕಾಗುಣಿತದಲ್ಲಿ ಡೊಮೇನ್ ಕೊಂಡಿದ್ದವರು, ತಾವೂ ಬದಲಾಗಬೇಕೇ ಎಂದು ಇಂದಿಗೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬದಲಾಯಿಸುವ ಅಗತ್ಯವಿಲ್ಲ. ಎರಡೂ ಒಂದೇ ಊರೆಂಬುದು ಶೋಧಯಂತ್ರಕ್ಕೆ ಚೆನ್ನಾಗಿ ತಿಳಿದಿದೆ. ಹೊರದೇಶದ ಗ್ರಾಹಕರಲ್ಲಿ ಅನೇಕರು ಹಳೆಯ ಕಾಗುಣಿತದಲ್ಲೇ ಹುಡುಕುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯವೂ ಇಂಗ್ಲಿಷ್‌ನಲ್ಲಿ ಹಳೆಯ ರೂಪವನ್ನೇ ಉಳಿಸಿಕೊಂಡಿದೆ. ವರ್ಷಗಳಿಂದ ಬಳಕೆಯಲ್ಲಿರುವ ಹೆಸರನ್ನು ಹಾಗೆಯೇ ಇಟ್ಟುಕೊಂಡು, ಹೊಸ ಕಾಗುಣಿತದ ಹೆಸರು ಸಿಕ್ಕಿದರೆ ಅದನ್ನೂ ಕೊಂಡು, ಅಲ್ಲಿಗೆ ಬಂದವರನ್ನು ಹಳೆಯ ತಾಣಕ್ಕೇ ಕಳುಹಿಸುವ ಏರ್ಪಾಡು ಮಾಡಿದರೆ ಸಾಕು. ಹೊಸದಾಗಿ ಆರಂಭಿಸುವವರು ಊರಿನ ಹೆಸರನ್ನೂ ಸರಕಿನ ಹೆಸರನ್ನೂ ಡೊಮೇನಿನಲ್ಲಿ ತುರುಕಲೇಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಹುಡುಕುವ ಪದಗಳನ್ನೇ ಹೆಸರಾಗಿಸಿಕೊಂಡು, ಒಳಗೆ ಹುರುಳಿಲ್ಲದೆ ಮೇಲೆ ಬರುತ್ತಿದ್ದ ತಾಣಗಳನ್ನು ಗೂಗಲ್ 2012ರಲ್ಲೇ ಕೆಳಗಿಳಿಸಿತು. ಇಂದು ಬೆಲ್ಲ ಎಂಬ ಪದ ಡೊಮೇನಿನಲ್ಲಿದ್ದ ಮಾತ್ರಕ್ಕೆ ಬೆಲ್ಲದಂಗಡಿ ಮೇಲೆ ಬರುವುದಿಲ್ಲ.

ಹೆಸರಿನ ಕೊನೆಯ ಭಾಗ ‘ಡಾಟ್ ಇನ್’ ಆಗಿರಬೇಕೇ, ‘ಡಾಟ್ ಕಾಮ್’ ಆಗಿರಬೇಕೇ ಎಂಬುದಕ್ಕೆ ಗ್ರಾಹಕರು ಎಲ್ಲಿದ್ದಾರೆ ಎಂಬುದೇ ಉತ್ತರ. 2005ರಿಂದ ಎಲ್ಲರಿಗೂ ಸುಲಭವಾಗಿ ಸಿಗುತ್ತಿರುವ ‘ಡಾಟ್ ಇನ್’ ಹೆಸರನ್ನು ಗೂಗಲ್ ಭಾರತದ ಓದುಗರಿಗಾಗಿ ಇರುವ ತಾಣದ ಸೂಚನೆಯೆಂದು ತೆಗೆದುಕೊಳ್ಳುತ್ತದೆ. ಮಂಡ್ಯದ ಬೆಲ್ಲವನ್ನು ಬೆಂಗಳೂರಿಗೂ ಚೆನ್ನೈಗೂ ಕಳುಹಿಸುವವರಿಗೆ ಇದು ಅನುಕೂಲವೇ. ಯುರೋಪಿನಿಂದಲೋ ಅಮೆರಿಕದಿಂದಲೋ ವಿದ್ಯಾರ್ಥಿಗಳನ್ನು ನಿರೀಕ್ಷಿಸುವ ಗೋಕುಲಂನ ಯೋಗಶಾಲೆಗೆ ‘ಡಾಟ್ ಕಾಮ್’ ಹೆಚ್ಚು ಹೊಂದುತ್ತದೆ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂದು ಕೊನೆಯಾಗುವ ಹೆಸರುಗಳೂ ಈಗ ದೊರೆಯುತ್ತವೆ. ಇವು ಒಳಗೊಳಗೆ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಪರಿವರ್ತನೆಯಾಗಿಯೇ ಕೆಲಸ ಮಾಡುತ್ತವೆ, ಮತ್ತು ಎಲ್ಲ ಇಮೇಲ್ ಸೇವೆಗಳೂ ಅರ್ಜಿ ನಮೂನೆಗಳೂ ಇವನ್ನು ಸರಿಯಾಗಿ ಸ್ವೀಕರಿಸುವುದಿಲ್ಲ. ಆದ್ದರಿಂದ ಅಭಿಮಾನದಿಂದ ಕನ್ನಡದ ಹೆಸರನ್ನು ಕೊಳ್ಳುವವರು ಸದ್ಯಕ್ಕೆ ಅದನ್ನು ಎರಡನೆಯ ಹೆಸರಾಗಿ ಇಟ್ಟುಕೊಳ್ಳುವುದೇ ಲೇಸು.

ಯಾವ ಹೆಸರನ್ನೇ ಆರಿಸಿಕೊಂಡರೂ ಅದರ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ವಿಳಾಸದಲ್ಲಿ ಆಗಿರಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ತಾಣವನ್ನು ಮಾಡಿಕೊಟ್ಟವರು ತಮ್ಮ ಹೆಸರಿನಲ್ಲೇ ಡೊಮೇನನ್ನು ನೋಂದಾಯಿಸಿಕೊಂಡು, ಮುಂದೆ ಮನಸ್ತಾಪ ಬಂದಾಗ ಅಂಗಡಿಯವರು ತಮ್ಮದೇ ಹೆಸರನ್ನು ಕಳೆದುಕೊಳ್ಳುವುದು ಅಪರೂಪದ ಸಂಗತಿಯಲ್ಲ. ಬಿಟ್ಟಿಯಾಗಿ ಸಿಗುವ ತಾಣಗಳನ್ನು ನೆಚ್ಚಿದವರ ಪಾಡೂ ಹೆಚ್ಚು ಬೇರೆಯಲ್ಲ: ಸಣ್ಣ ವ್ಯಾಪಾರಿಗಳಿಗಾಗಿ ಗೂಗಲ್ ಕೊಟ್ಟಿದ್ದ ಉಚಿತ ತಾಣಗಳ ಸೇವೆ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು, ಮತ್ತು ಕೆಲವು ತಿಂಗಳ ನಂತರ ಆ ವಿಳಾಸಗಳು ಯಾವ ಪುಟಕ್ಕೂ ಹೋಗದಂತಾದವು. ಸ್ವಂತ ಡೊಮೇನ್ ಇದ್ದವರು ತಾಣವನ್ನು ಬೇರೆ ಸರ್ವರಿಗೆ, ಅಂದರೆ ತಾಣದ ಕಡತಗಳನ್ನು ಇಟ್ಟಿರುವ ಬೇರೆ ಗಣಕಕ್ಕೆ ಒಯ್ದರೂ ವಿಳಾಸ ಬದಲಾಗುವುದಿಲ್ಲ.

ಇನ್ನು ಒಂದೊಂದು ಪುಟದ ವಿಳಾಸ. ವಿಳಾಸದ ಮೊದಲಲ್ಲಿ ಬರುವ ಎರಡು ಓರೆಗೆರೆಗಳು ನಿಜಕ್ಕೂ ಬೇಕಿರಲಿಲ್ಲವೆಂದು ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರೇ ಮುಂದೊಮ್ಮೆ ಒಪ್ಪಿಕೊಂಡಿದ್ದಾರೆ. ಅವನ್ನು ನಾವು ಈಗ ಬದಲಿಸಲಾರೆವು, ಅವುಗಳ ನಂತರ ಬರುವುದನ್ನು ಮಾತ್ರ ಚೊಕ್ಕವಾಗಿಡಬಹುದು. ಪದಗಳ ನಡುವೆ ಅಡ್ಡಗೆರೆ ಇರಲಿ, ಅಡಿಗೆರೆ (ಅಂಡರ್‌ಸ್ಕೋರ್) ಬೇಡ. ಗೂಗಲ್‌ನ ಶಿಫಾರಸೂ ಇದೇ. ಡೊಮೇನಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದಿದ್ದರೂ ಅದರ ಮುಂದಿನ ಭಾಗದಲ್ಲಿ ಆ ಭೇದವಿರುವುದರಿಂದ ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆಯುವ ನಿಯಮವನ್ನಿಟ್ಟುಕೊಳ್ಳಿ.

ಕನ್ನಡದ ಪುಟಕ್ಕೆ ವಿಳಾಸವೂ ಕನ್ನಡದಲ್ಲಿರಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಗೂಗಲ್ ಅದನ್ನು ಅರ್ಥಮಾಡಿಕೊಳ್ಳುತ್ತದೆ, ಬ್ರೌಸರ್ ಕೂಡ ಅಂದವಾಗಿ ತೋರಿಸುತ್ತದೆ. ತೊಡಕಿರುವುದು ಅದನ್ನು ನಕಲಿಸಿ ಇನ್ನೊಬ್ಬರಿಗೆ ಕಳುಹಿಸುವಾಗ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ವ್ಯವಸ್ಥೆಯ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಮೈಸೂರು’ ಎಂಬ ಪದದಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಆರು ಸಂಕೇತಗಳಿರುವುದರಿಂದ ವಾಟ್ಸಾಪಿನಲ್ಲಿ ಅಂಟಿಸಿದಾಗ ಅದು 54 ಅಕ್ಷರಗಳ ಗೊಂದಲವಾಗಿ ಕಾಣಿಸಿಕೊಳ್ಳಬಹುದು. ಹೀಗಾಗಿ ವ್ಯಾಪಾರದ ತಾಣಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚಿಕ್ಕ ವಿಳಾಸವೇ ಮೇಲೆಂದು ನಾನು ಭಾವಿಸುತ್ತೇನೆ. ಒಮ್ಮೆ ಆರಿಸಿಕೊಂಡ ಕಾಗುಣಿತವನ್ನು ಎಲ್ಲ ಪುಟಗಳಲ್ಲೂ ಪಾಲಿಸಬೇಕು. ವಿಳಾಸಕ್ಕಿಂತ ಮುಖ್ಯವಾಗಿ ಪುಟದೊಳಗಿನ ಕನ್ನಡ ಯೂನಿಕೋಡ್‌ನಲ್ಲಿರಬೇಕು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಬರಹ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಷ್ಟೇ. ಬೆಲೆಪಟ್ಟಿಯನ್ನು ಹಾಗೆ ಸಿದ್ಧಪಡಿಸಿ ಪಿಡಿಎಫ್ ಮಾಡಿ ತಾಣದಲ್ಲಿಟ್ಟವರು, ಅದು ಹುಡುಕಿದವರಿಗೆ ಸಿಗಬಹುದೆಂದು ನಿರೀಕ್ಷಿಸುವಂತಿಲ್ಲ.

ವಿಳಾಸದಲ್ಲಿ ವರ್ಷವನ್ನು ಸೇರಿಸುವ ಅಭ್ಯಾಸ ನಮ್ಮ ಊರಿನ ತಾಣಗಳಿಗೆ ಮಾಡುತ್ತಿರುವ ನಷ್ಟ ಸಣ್ಣದಲ್ಲ. ದಸರೆಯ ಸಮಯದ ಕೋಣೆಗಳಿಗಾಗಿ ವಸತಿಗೃಹದವರು ಒಂದು ವರ್ಷ ‘ದಸರಾ-2023’ ಎಂಬ ಪುಟವನ್ನು ಮಾಡುತ್ತಾರೆ, ಮರುವರ್ಷ ‘ದಸರಾ-2024’ ಎಂದು ಇನ್ನೊಂದನ್ನು ಮಾಡಿ ಹಳೆಯದನ್ನು ಅಳಿಸುತ್ತಾರೆ. ಪ್ರವಾಸದ ಬಗ್ಗೆ ಬರೆಯುವವರು ಹಿಂದಿನ ವರ್ಷ ಕೊಟ್ಟಿದ್ದ ಕೊಂಡಿಗಳೆಲ್ಲ ಅಲ್ಲಿಗೆ ವ್ಯರ್ಥವಾಗುತ್ತವೆ, ಮತ್ತು ಹೊಸ ಪುಟವು ಸೂಚಿಯಲ್ಲಿ ನೆಲೆಯೂರುವ ಹೊತ್ತಿಗೆ ಜಂಬೂಸವಾರಿಯೇ ಮುಗಿದಿರುತ್ತದೆ. ವರ್ಷವಿಲ್ಲದ, ‘ದಸರಾ’ ಎಂದಷ್ಟೇ ಇರುವ ಒಂದು ವಿಳಾಸವನ್ನು ಕಾಯಂ ಆಗಿ ಇಟ್ಟುಕೊಂಡು, ದಿನಾಂಕ, ದರ ಮತ್ತು ಚಿತ್ರಗಳನ್ನು ಅದೇ ಪುಟದಲ್ಲಿ ಪ್ರತಿವರ್ಷ ಹೊಸದಾಗಿಸಿದರೆ ಹಿಂದಿನ ಮನ್ನಣೆ ಮುಂದಿನ ವರ್ಷಕ್ಕೂ ಒದಗುತ್ತದೆ. ಶೀರ್ಷಿಕೆಯಲ್ಲಿ ವರ್ಷವನ್ನು ಬರೆಯಲು ಅಡ್ಡಿಯಿಲ್ಲ.

ಪುಟಗಳ ಜೋಡಣೆಗೆ ಬರೋಣ. ಮುಖಪುಟದಿಂದ ವಿಭಾಗಕ್ಕೆ, ವಿಭಾಗದಿಂದ ಸರಕಿನ ಪುಟಕ್ಕೆ ನೇರವಾದ ಕೊಂಡಿಗಳಿರಬೇಕು. ಬೆಲ್ಲದ ತಾಣವಾದರೆ ಅಚ್ಚುಬೆಲ್ಲ, ಪುಡಿಬೆಲ್ಲ, ಜೋನಿಬೆಲ್ಲಗಳಿಗೆ ಒಂದೊಂದು ಪುಟವಿದ್ದು, ಅವು ಪರಸ್ಪರ ಕೊಂಡಿಗಳನ್ನೂ ಹೊಂದಿರಲಿ. ಯಾವ ಪುಟವೂ ಮುಖಪುಟದಿಂದ ಮೂರು ಕ್ಲಿಕ್ಕಿಗಿಂತ ದೂರ ಇರಬಾರದೆಂಬ ನಿಯಮವನ್ನು ಶೋಧಯಂತ್ರಗಳು ವಿಧಿಸಿಲ್ಲ; ಆದರೆ ಯಾವ ಪುಟದಿಂದಲೂ ಕೊಂಡಿಯಿಲ್ಲದ ಪುಟವನ್ನು ಯಂತ್ರ ಕಂಡುಹಿಡಿಯುವುದು ಕಷ್ಟ. ಕೊಂಡಿಯ ಮೇಲೆ ‘ಇಲ್ಲಿ ಒತ್ತಿ’ ಎಂದು ಬರೆಯುವ ಬದಲು ‘ಸಾವಯವ ಜೋನಿಬೆಲ್ಲ’ ಎಂದು ಬರೆದರೆ ಓದುಗರಿಗೂ ಯಂತ್ರಕ್ಕೂ ಮುಂದಿರುವುದೇನೆಂದು ತಿಳಿಯುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ತಾಣವಿದ್ದರೆ ಎರಡಕ್ಕೂ ಬೇರೆಬೇರೆ ವಿಳಾಸಗಳಿರಲಿ. ಗುಂಡಿಯೊತ್ತಿದಾಗ ಅದೇ ವಿಳಾಸದಲ್ಲಿ ಭಾಷೆ ಬದಲಾಗುವಂತೆ ಮಾಡಿದರೆ ಯಂತ್ರ ಆ ಗುಂಡಿಯನ್ನು ಒತ್ತುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ಕನ್ನಡದ ಬರಹವೇ ಅದರ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಒಂದೇ ಪುಟ ಹಲವು ವಿಳಾಸಗಳಲ್ಲಿ ತೆರೆದುಕೊಳ್ಳುವುದು ಮತ್ತೊಂದು ತೊಡಕು. ಮೂರು ಡಬ್ಲ್ಯೂಗಳೊಂದಿಗೆ ಒಂದು, ಅವಿಲ್ಲದೆ ಒಂದು, ಬೆಲೆಯ ಪ್ರಕಾರ ಸರಕುಗಳನ್ನು ಜೋಡಿಸಿದಾಗ ಹುಟ್ಟುವ ಪ್ರಶ್ನಾರ್ಥಕ ಚಿಹ್ನೆಯ ವಿಳಾಸ ಇನ್ನೊಂದು. ಇವುಗಳಲ್ಲಿ ಅಧಿಕೃತವಾದದ್ದು ಯಾವುದೆಂದು ಪುಟದೊಳಗೇ ಸೂಚಿಸುವ ‘ಕೆನಾನಿಕಲ್’ ಎಂಬ ಗುರುತನ್ನು ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ 2009ರಿಂದ ಮಾನ್ಯ ಮಾಡುತ್ತಿವೆ. ಸೈಟ್‌ಮ್ಯಾಪ್, ಅಂದರೆ ತಾಣದ ಪುಟಗಳ ವಿಳಾಸಗಳನ್ನು ಶೋಧಯಂತ್ರಕ್ಕಾಗಿ ಪಟ್ಟಿಮಾಡಿದ ಕಡತದ ಬಗ್ಗೆ ಸಣ್ಣ ತಾಣದವರು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಂಥ ಒಂದು ಕಡತಕ್ಕೆ 50,000 ವಿಳಾಸಗಳ ಮಿತಿಯಿದೆ ಎಂಬುದೇ ಅದು ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ವಿಳಾಸವನ್ನು ಬದಲಿಸಲೇಬೇಕಾಗುತ್ತದೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ಬರೆದುಕೊಡುವಂತೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಸೂಚನೆಯನ್ನು ಸರ್ವರಿನಲ್ಲಿ ಇಡಬೇಕು. ಬದಲಾವಣೆ ಶಾಶ್ವತವೆಂದು ತಿಳಿಸುವ ಸಂಕೇತ 301. ತಾತ್ಕಾಲಿಕವೆಂದು ಹೇಳುವುದು 302. ಈ ಏರ್ಪಾಡನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಬೇಕೆಂದು ಗೂಗಲ್ ಹೇಳುತ್ತದೆ. ಮುದ್ರಿತ ಕರಪತ್ರಗಳೂ ಹಳೆಯ ಸಂದೇಶಗಳೂ ವರ್ಷಗಟ್ಟಲೆ ಜನರ ಕೈಯಲ್ಲಿ ಉಳಿಯುವುದರಿಂದ ಅದನ್ನು ತೆಗೆಯಲೇಬಾರದೆಂದು ನಾನು ಹೇಳುತ್ತೇನೆ. ಹಳೆಯ ಪುಟಗಳನ್ನೆಲ್ಲ ಸಾರಾಸಗಟಾಗಿ ಮುಖಪುಟಕ್ಕೆ ತಿರುಗಿಸುವುದು ಸೋಮಾರಿತನದ ದಾರಿ. ಜೋನಿಬೆಲ್ಲವನ್ನು ಹುಡುಕಿ ಬಂದವರು ಜೋನಿಬೆಲ್ಲದ ಹೊಸ ಪುಟಕ್ಕೇ ಹೋಗಬೇಕು. ಆ ಸರಕನ್ನೇ ನಿಲ್ಲಿಸಿದ್ದರೆ, ಪುಟ ಇಲ್ಲವೆಂದು ತಿಳಿಸುವ 404 ಸಂಕೇತವನ್ನು ನೀಡುವುದರಲ್ಲಿ ತಪ್ಪೇನೂ ಇಲ್ಲ.

ತಾಣವನ್ನು ಹೊಸದಾಗಿ ಕಟ್ಟಿಸಲು ಹೊರಟವರು ಕೆಲಸವನ್ನು ಒಪ್ಪಿಸುವ ಮೊದಲೇ ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಿಂದ, ಜನರು ಈಗ ಬರುತ್ತಿರುವ ಪುಟಗಳ ವಿಳಾಸಗಳನ್ನು ಇಳಿಸಿಕೊಂಡು, ಒಂದು ಕಡೆ ಹಳೆಯದನ್ನೂ ಅದರ ಎದುರಿಗೆ ಹೊಸದನ್ನೂ ಬರೆದ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಳ್ಳಬೇಕು. ಹೊಸ ತಾಣ ತೆರೆದ ದಿನ ಆ ಪಟ್ಟಿಯ ಒಂದೊಂದು ಹಳೆಯ ವಿಳಾಸವನ್ನೂ ನೀವೇ ಒತ್ತಿ ನೋಡಿ, ಸರಿಯಾದ ಪುಟ ತೆರೆದುಕೊಂಡದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ಕೊನೆಯ ಕಂತಿನ ಹಣವನ್ನು ಕೊಡಿ. ನಮಸ್ಕಾರ.