ಆತುರವಿಲ್ಲದ ಕ್ಲಾಡಾ ರೆಕಾರ್ಡ್ಸ್

ಕೇಳುಗರಿಗೆ ನಮಸ್ಕಾರ. ಇವತ್ತು ಐರ್ಲೆಂಡಿನ ಕ್ಲಾಡಾ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿಯ ಕಥೆ. ಅದು ಶುರುವಾಗುವುದು ಒಂದು ವಾದ್ಯದಿಂದ.

ಐರ್ಲೆಂಡಿನ ಇಲಿನ್ ಪೈಪ್ಸ್ ಎಂಬ ವಾದ್ಯ ನುಡಿಸುವುದನ್ನು ನೋಡುವುದೇ ಒಂದು ಸೊಗಸು. ಕಲಾವಿದ ಕುಳಿತೇ ನುಡಿಸುತ್ತಾನೆ. ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ಕೆಳಗೆ ತಿದಿ, ನಮ್ಮ ಹಾರ್ಮೋನಿಯಂನದರ ಹಾಗೆ. ಇನ್ನೊಂದು ತೋಳಿನಡಿ ಗಾಳಿ ತುಂಬಿದ ಚೀಲ. ಬೆರಳುಗಳು ರಾಗ ನುಡಿಸುತ್ತಿದ್ದರೆ, ಮಣಿಕಟ್ಟು ಬೇರೆ ಕೀಲಿಗಳನ್ನು ಒತ್ತಿ ಜೊತೆಸ್ವರ ಕೊಡುತ್ತದೆ. ಹಿಂದೆ ಶ್ರುತಿ ನಿಂತೇ ಇರುತ್ತದೆ. ಕಲಿಯಲು ವರ್ಷಗಳೇ ಬೇಕು. 1950ರ ದಶಕದ ಹೊತ್ತಿಗೆ ಇದನ್ನು ನುಡಿಸುವವರು ತೀರಾ ಕಡಿಮೆಯಾಗಿದ್ದರು.

ಡಬ್ಲಿನ್ನಿನಲ್ಲಿ ಲಿಯೋ ರೌಸಮ್ ಎಂಬ ಮೇಷ್ಟ್ರಿದ್ದರು. ಪೈಪ್ಸ್ ನುಡಿಸುತ್ತಿದ್ದರು, ಕಲಿಸುತ್ತಿದ್ದರು, ತಾವೇ ತಯಾರಿಸುತ್ತಲೂ ಇದ್ದರು. ಅವರ ಬಳಿ ಪಾಠಕ್ಕೆ ಹೋದವರಲ್ಲಿ ಇಬ್ಬರು ಬ್ರೌನ್‌ಗಳಿದ್ದರು. ಗ್ಯಾರೆಕ್ ಬ್ರೌನ್ ಗಿನ್ನೆಸ್ ಬಿಯರ್ ಮನೆತನದ ಕುಡಿ. ಇವಾರ್ ಬ್ರೌನ್ ಮನೋವೈದ್ಯರು. ನಂಟರಲ್ಲ, ಅಡ್ಡಹೆಸರು ಮಾತ್ರ ಒಂದೇ. 1959ರಲ್ಲಿ ಇಬ್ಬರೂ ಸೇರಿ ಕ್ಲಾಡಾ ರೆಕಾರ್ಡ್ಸ್ ಶುರು ಮಾಡಿದರು. ಮೊದಲ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಯಾರದ್ದು ಗೊತ್ತಾ? ತಮ್ಮ ಮೇಷ್ಟ್ರದ್ದೇ. ರೌಸಮ್ 1970ರಲ್ಲಿ ತೀರಿಕೊಂಡರು. ಆ ನುಡಿಸಾಣಿಕೆ ಮಾತ್ರ ಇಂದಿಗೂ ಕೇಳಲು ಸಿಗುತ್ತದೆ.

ಗ್ಯಾರೆಕ್ ಅವರಿಗೆ ಆತುರವಿರಲಿಲ್ಲ. ಮನೆತನದ ಹಣ ಬೆನ್ನಿಗಿತ್ತು, ನಿಜ. ಆದರೆ ಹಣವಿದ್ದವರೆಲ್ಲ ಹೀಗೆ ಮಾಡುವುದಿಲ್ಲ ಅಲ್ವಾ? ಅವರೇ ಪ್ಯಾಡಿ ಮೊಲೋನಿಯವರಿಗೆ ಒಂದು ತಂಡ ಕಟ್ಟಿಕೊಂಡು ಬನ್ನಿ, ಒಂದು ಎಲ್‌ಪಿ ಮಾಡೋಣ ಎಂದರು. ಮೊಲೋನಿ ಕೂಡ ರೌಸಮ್ ಶಿಷ್ಯರೇ. ಹಾಗೆ ಹುಟ್ಟಿದ್ದು ಚೀಫ್ಟನ್ಸ್. ಒಂದೇ ಎಲ್‌ಪಿಗೆಂದು ಸೇರಿದ ತಂಡ ಮುಂದೆ ಲೋಕವೆಲ್ಲ ಸುತ್ತಿತು. 1968ರಿಂದ ಕೆಲವು ವರ್ಷ ಕಂಪನಿಯ ಆಡಳಿತವನ್ನೂ ಮೊಲೋನಿಯವರೇ ನೋಡಿಕೊಂಡರು.

ಕ್ಲಾಡಾ ಬರೀ ಸಂಗೀತಕ್ಕೆ ನಿಲ್ಲಲಿಲ್ಲ. ಕವಿ ಪ್ಯಾಟ್ರಿಕ್ ಕ್ಯಾವನಾ ಅವರ ದನಿಯನ್ನು ಅವರು ಬದುಕಿದ್ದಾಗಲೇ ಮುದ್ರಿಸಿತು. 1966ರಲ್ಲಿ ನಟ ಜ್ಯಾಕ್ ಮೆಕ್‌ಗೌರನ್ ನಾಟಕಕಾರ ಸ್ಯಾಮುಯೆಲ್ ಬೆಕೆಟ್ಟರ ಬರಹಗಳನ್ನು ಓದಿದ ಎಲ್‌ಪಿ ಬಂತು. ಅದರಲ್ಲಿ ಜಾಗಟೆ ಬಾರಿಸಿದವರು ಸ್ವತಃ ಬೆಕೆಟ್! ಕವಿತೆ, ನಾಟಕ, ಪೈಪ್ಸ್ ಎಲ್ಲ ಒಂದೇ ನೆಲದ ಬೆಳೆ ಎಂದು ನಂಬಿದ ಕಂಪನಿ ಇದು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಇದೇ ಕಾರಣಕ್ಕೆ.

1980ರ ದಶಕದಲ್ಲಿ ಡಬ್ಲಿನ್ನಿನ ಟೆಂಪಲ್ ಬಾರ್ ಪ್ರದೇಶದ ಸಿಸಿಲಿಯಾ ಬೀದಿಯಲ್ಲಿ ಕ್ಲಾಡಾ ಅಂಗಡಿ ತೆರೆಯಿತು. ಬೇರೆ ಸಣ್ಣ ಕಂಪನಿಗಳ ರೆಕಾರ್ಡುಗಳೂ ಅಲ್ಲಿ ಸಿಗುತ್ತಿದ್ದವು. ಗ್ಯಾರೆಕ್ 2018ರಲ್ಲಿ ತೀರಿಕೊಂಡರು. ಆಮೇಲೆ ಯೂನಿವರ್ಸಲ್ ಮ್ಯೂಸಿಕ್ ಐರ್ಲೆಂಡ್ ಜೊತೆ ಒಪ್ಪಂದವಾಗಿ, ಹಳೆಯ ಮುದ್ರಣಗಳು ಮತ್ತೆ ಹೊರಬರತೊಡಗಿದವು.

ಕೇಳಬೇಕೆನ್ನುವವರು 1969ರ ಒಂದು ಎಲ್‌ಪಿಯಿಂದ ಶುರು ಮಾಡಿ. ಡೆನಿಸ್ ಮರ್ಫಿ ಮತ್ತು ಅವರ ತಂಗಿ ಜೂಲಿಯಾ ಕ್ಲಿಫರ್ಡ್ ಅವರ ಪಿಟೀಲು ಅದು. ಕೆರ್ರಿ ಮತ್ತು ಕಾರ್ಕ್ ಸೀಮೆಗಳ ಗಡಿಯವರು. ಬಹಳಷ್ಟು ಕುಣಿತದ ಮಟ್ಟುಗಳೇ. ಒಡಹುಟ್ಟಿದವರ ಎರಡು ಪಿಟೀಲು ಎಲ್ಲಿ ಬೇರೆಯಾಗುತ್ತವೆ, ಎಲ್ಲಿ ಮತ್ತೆ ಕೂಡುತ್ತವೆ ಎಂದು ಗಮನವಿಟ್ಟು ಕೇಳಿ.

ನಮಸ್ಕಾರ.