ಅದು ಸೊಕ್ಕಲ್ಲ ಸ್ವಾಮಿ, ಮುಖ ಗುರುತು ಸಿಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹುಳು ಮನೇಲಿ ಸೊಪ್ಪು ಹಾಕ್ತಾ ರೇಡಿಯೋ ಕೇಳ್ತಿರೋರು, ಒಲೆ ಮುಂದೆ ಇರೋರು, ಕೆಲಸ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ಲಾಗೆ ಕೊಡಿ. ನಾನು ನರರೋಗದ ಡಾಕ್ಟ್ರು, ಹೇಳೋಕಿರೋದು ಒಂದೇ ಮಾತು. ಎದುರಿಗೆ ಸಿಕ್ಕಿ ಮಾತಾಡಿಸ್ದೆ ಹೋದೋರೆಲ್ಲ ಸೊಕ್ಕಿನೋರಲ್ಲ. ಕೆಲವ್ರಿಗೆ ನಿಮ್ಮ ಮುಖ ಚೆನ್ನಾಗೇ ಕಾಣುತ್ತೆ, ಆದ್ರೆ ಅದು ಯಾರ ಮುಖ ಅಂತ ಗೊತ್ತಾಗಲ್ಲ.

ಮುಖಕ್ಕೆ ಅಂತಲೇ ಮೆದುಳಲ್ಲಿ ಒಂದು ಜಾಗ ಇದೆ. ಮೆದುಳಿನ ತಳದಲ್ಲಿ, ಎಡಕ್ಕಿಂತ ಬಲಗಡೆ ಜೋರು. 1997ರಲ್ಲಿ ಅಮೆರಿಕದ ನ್ಯಾನ್ಸಿ ಕ್ಯಾನ್‌ವಿಶರ್ ಮತ್ತವರ ಜೊತೆಯೋರು ಸ್ಕ್ಯಾನ್ ಮಾಡಿ ನೋಡಿದ್ರು, ಮುಖದ ಫೋಟೋ ತೋರಿಸಿದ್ರೆ ಈ ಜಾಗ ಚುರುಕಾಗ್ತಿತ್ತು, ಬೇರೆ ವಸ್ತು ತೋರಿಸಿದ್ರೆ ಅಷ್ಟಿಲ್ಲ. ಫ್ಯೂಸಿಫಾರ್ಮ್ ಫೇಸ್ ಏರಿಯಾ ಅಂತಾರೆ, ಹೆಸ್ರು ಮರೆತ್ರೂ ಪರವಾಗಿಲ್ಲ. ನಾವು ಕಣ್ಣು ಬೇರೆ ಮೂಗು ಬೇರೆ ಅಂತ ನೋಡಲ್ಲ, ಇಡೀ ಮುಖಾನ ಒಂದೇ ಸಲಕ್ಕೆ ಹಿಡೀತೀವಿ. ಬೇಕಿದ್ರೆ ಮದುವೆ ಗ್ರೂಪ್ ಫೋಟೋನ ತಲೆಕೆಳಗೆ ಮಾಡಿ ನೋಡಿ, ಸ್ವಂತ ಚಿಕ್ಕಪ್ಪನ್ನ ಹುಡುಕೋಕೂ ತಡಕಾಡ್ತೀರ.

ಈಗ ಒಂದು ವಿಷ್ಯ ಹೇಳ್ಲೇಬೇಕು. ಒಬ್ರು ಅತ್ತೆ ಸೊಸೇನ ಕರ್ಕೊಂಡು ನನ್ನ ಹತ್ರ ಬಂದ್ರು, ಹೆಸ್ರು ಊರು ಬೇಡ. ಅತ್ತೆಯಮ್ಮ ತಿರುಪತೀಲಿ ಮುಡಿ ಕೊಟ್ಟು, ಬೆಳಗ್ಗೆ ಬಸ್ಸಿಳಿದು, ನುಣ್ಣಗಿರೋ ತಲೇಲಿ ಲಡ್ಡು ಕವರ್ ಹಿಡ್ಕೊಂಡು ಬಾಗಿಲಲ್ಲಿ ನಿಂತವ್ರೆ, ಸೊಸೆ ಹೊರಗೆ ಬಂದು "ಯಾರು ಬೇಕಿತ್ತಮ್ಮ? ನಮ್ಮತ್ತೆ ಊರಲ್ಲಿಲ್ಲ" ಅಂದ್ಳಂತೆ! "ನಾನೇ ಕಣೇ ನಿಮ್ಮತ್ತೆ" ಅಂತ ದನಿ ಕೇಳಿದ್ದೇ ತಡ, ನಾಲಿಗೆ ಕಚ್ಕೊಂಡು ಕಾಲಿಗೆ ನೀರು ತಂದ್ಳು, ಆದ್ರೆ ಅಷ್ಟೊತ್ತಿಗೆ ಪಕ್ಕದ ಮನೆಯೋರೆಲ್ಲ ನಕ್ಕಾಗಿತ್ತು, ಆಮೇಲೆ ಮನೇಲಿ ದಿನಾ ಅದೇ ರಾಮಾಯಣ. "ಬಲೇ ಸೊಕ್ಕು ಸಾರ್ ಇವ್ಳಿಗೆ, ಸಂತೇಲಿ ಸಿಕ್ರೆ ನನ್ನ ಮಗಳನ್ನೂ ಮಾತಾಡ್ಸಲ್ಲ" ಅಂತ ನನ್ನ ಮುಂದೇನೇ ಶುರು ಮಾಡಿದ್ರು. ನಾನು ಪರೀಕ್ಷೆ ಮಾಡ್ದೆ. ಕಣ್ಣು ಸರಿಯಾಗಿದೆ, ನೆನಪು ಚೆನ್ನಾಗಿದೆ, ಡೈರಿಗೆ ಹಾಕಿದ ಹಾಲಿನ ಲೆಕ್ಕ ಬಾಯಲ್ಲೇ ಹೇಳ್ತಾಳೆ. ಮೊಬೈಲಲ್ಲಿ ರಾಜ್‌ಕುಮಾರ್ ಫೋಟೋ ತೋರಿಸ್ದೆ. "ಯಾರೋ ದೊಡ್ಡೋರು, ನಗ್ತಾವ್ರೆ" ಅಂದ್ಳು. ಅವರದ್ದೇ ಹಾಡು ಹಾಕ್ದೆ, ಮೊದಲ ಸಾಲು ಮುಗಿಯೋಕ್ ಮುಂಚೆ "ಅಣ್ಣಾವ್ರು" ಅಂದ್ಳು. ಪಾಪ, ಮದುವೆ ಆದಾಗಿಂದ ಅತ್ತೇನ ಅವಳು ಗುರುತು ಹಿಡೀತಿದ್ದಿದ್ದೇ ಆ ದಪ್ಪ ತುರುಬಿಂದ. ಅವಳ ಅಪ್ಪನೂ ಹಿಂಗೇನೇ ಅಂತೆ, ಹುಟ್ಟಿನಿಂದ ಇರೋದು ಎಷ್ಟೋ ಸಲ ವಂಶದಲ್ಲೇ ಬರುತ್ತೆ. ಅತ್ತೆಯಮ್ಮ ಅಷ್ಟಕ್ಕೆ ಬಿಡ್ಲಿಲ್ಲ, "ಹಂಗಾದ್ರೆ ನಮ್ಮ ಹಸುಗಳನ್ನ ಹೆಂಗ್ ಕಂಡುಹಿಡೀತಾಳೆ?" ಅಂದ್ರು. ಮಚ್ಚೆ ನೋಡಿ, ಕೊಂಬು ನೋಡಿ ಕಣಮ್ಮ, ನಿಮಗೆ ಕೊಂಬಿಲ್ವಲ್ಲ ಅಂದೆ.

ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಟೈಮ್ ಆಗ್ತಿದೆಯಂತೆ, ಬೇಗ ಮುಗಿಸ್ತೀನಿ. ಇದಕ್ಕೆ ಪ್ರೊಸೊಪಗ್ನೋಸಿಯಾ ಅಂತ ಹೆಸ್ರಿಟ್ಟೋರು ಜರ್ಮನಿಯ ಡಾಕ್ಟ್ರು ಬೋಡಾಮರ್, 1947ರಲ್ಲಿ. ತಲೆಗೆ ಗುಂಡೇಟು ಬಿದ್ದಿದ್ದ ಒಬ್ಬನಿಗೆ ಕನ್ನಡೀಲಿ ತನ್ನ ಮುಖಾನೇ ಗೊತ್ತಾಗ್ತಿರ್ಲಿಲ್ಲ. ಹುಟ್ಟಿನಿಂದ ಇರೋದು ನೂರಕ್ಕೆ ಸುಮಾರು 2 ಜನಕ್ಕೆ. ಚಿಂಪಾಂಜಿಗಳ ಜೊತೆ ಬದುಕಿದ ಜೇನ್ ಗುಡಾಲ್‌ಗೂ ಇತ್ತು, ಅವರನ್ನ ಸೊಕ್ಕಿನೋರು ಅಂತೀರಾ? ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಅಂಥೋರು ಎದುರಿಗೆ ಬಂದ್ರೆ "ನಾನ್ಯಾರು ಹೇಳು ನೋಡೋಣ" ಅಂತ ಆಟ ಆಡ್ಸೋದನ್ನ ದಯವಿಟ್ಟು ಬಿಡಿ, ನೀವೇ ಮೊದಲು ಹೆಸ್ರು ಹೇಳಿ ಮಾತಾಡ್ಸಿ.

ಇನ್ನೊಂದು, ನಿನ್ನೆವರೆಗೂ ಸರಿಯಿದ್ದೋರಿಗೆ ಇದ್ದಕ್ಕಿದ್ದಂಗೆ ಮನೆಯೋರ ಮುಖ ಗೊತ್ತಾಗ್ತಿಲ್ಲ ಅಂದ್ರೆ ಅದು ಸ್ಟ್ರೋಕ್ ಇರಬಹುದು. ದೃಷ್ಟಿ ತೆಗೀತಾ, ತಾಯತ ಕಟ್ಟಿಸ್ತಾ ಕೂರ್ಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರೋ ಆಸ್ಪತ್ರೆಗೆ ಆ ಕ್ಷಣಾನೇ ಹೊರಡಿ. ನಮಸ್ಕಾರ.